ಚಿರಂಜೀವಿ ಸತ್ತ ನಾಟಕ: ತೌಲನಿಕ ಸಾಹಿತ್ಯದ ಒಂದು ಬಿಎ ಪ್ರಬಂಧದ ಪ್ರಕರಣ

ಇದು ಬಿಎ ಕೊನೆಯ ವರ್ಷದ ಒಂದು ಪ್ರಬಂಧದ ಕಥೆ. ವಿದ್ಯಾರ್ಥಿನಿ ಹಾಸನ ಜಿಲ್ಲೆಯವಳು. ಪಿಯುಸಿಯಲ್ಲಿ ನನ್ನ ಕನ್ನಡ ತರಗತಿಯಲ್ಲಿದ್ದಳು. ಆಮೇಲೆ ಹೊರರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ತೌಲನಿಕ ಸಾಹಿತ್ಯವನ್ನೇ ಮುಖ್ಯ ವಿಷಯ ಮಾಡಿಕೊಂಡು ಬಿಎ ಆನರ್ಸ್ ಸೇರಿದಳು. ಹೆಸರು, ಊರು, ವಿಶ್ವವಿದ್ಯಾಲಯ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಪ್ರಬಂಧದ ಕರಡುಗಳು, ಗೈಡ್ ಅಂಚಿನಲ್ಲಿ ಬರೆದ ಟಿಪ್ಪಣಿಗಳು ಎರಡನ್ನೂ ನನಗೆ ಕೊಟ್ಟು, ಬೇಕಾದರೆ ಬಳಸಿಕೊಳ್ಳಿ ಎಂದಿದ್ದಾಳೆ. ಈ ವಿಷಯ ಓದಬೇಕು ಅಂದುಕೊಂಡಿರುವ ಬೇರೆ ಹುಡುಗ ಹುಡುಗಿಯರಿಗೆ ಉಪಯೋಗಕ್ಕೆ ಬರಬಹುದು ಎಂದು ಬರೆಯುತ್ತಿದ್ದೇನೆ.

ಕೋರ್ಸಿನ ಬಗ್ಗೆ ಎರಡು ಮಾತು ಮೊದಲೇ ಹೇಳಬೇಕು. ತೌಲನಿಕ ಸಾಹಿತ್ಯ ಅಂದರೆ ಬೇರೆ ಬೇರೆ ಭಾಷೆಗಳ ಕೃತಿಗಳನ್ನು ಒಟ್ಟಿಗೆ ಇಟ್ಟು ಓದುವ ವಿಷಯ. ನಮ್ಮಲ್ಲಿ ಅದು ಸಾಮಾನ್ಯವಾಗಿ ಕನ್ನಡ ಎಂಎಯಲ್ಲಿ ಬರುವ ಒಂದು ಪತ್ರಿಕೆ. ಬಿಎ ಮಟ್ಟದಲ್ಲೇ ಅದನ್ನು ಪೂರ್ತಿ ವಿಷಯವಾಗಿ ಓದುವ ಅವಕಾಶ ದೇಶದಲ್ಲೇ ಕಡಿಮೆ. ಇದಕ್ಕೆ ದಾರಿ ಹಾಕಿದ್ದು ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯ. ಅಲ್ಲಿ 1956ರಲ್ಲಿ ಬಂಗಾಳಿ ಕವಿ ಬುದ್ಧದೇವ ಬಸು ಈ ವಿಭಾಗ ಶುರು ಮಾಡಿದರು. ಅದಕ್ಕೂ ಹಿಂದೆ, 1907ರಲ್ಲಿ, ಟಾಗೋರರು ರಾಷ್ಟ್ರೀಯ ಶಿಕ್ಷಣ ಪರಿಷತ್ತಿನಲ್ಲಿ ವಿಶ್ವಸಾಹಿತ್ಯದ ಬಗ್ಗೆ ಒಂದು ಉಪನ್ಯಾಸ ಕೊಟ್ಟಿದ್ದರು. ಆ ಪರಿಷತ್ತೇ ಮುಂದೆ ಜಾದವ್‌ಪುರ ವಿಶ್ವವಿದ್ಯಾಲಯವಾಯಿತು. ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಈ ವಿಷಯಕ್ಕೆ ಕೇಂದ್ರ ಇದೆ. ಬಿಎ ಸೇರುವಾಗ ನಮ್ಮ ಹುಡುಗಿಗೆ ಇದ್ಯಾವುದೂ ಗೊತ್ತಿರಲಿಲ್ಲ. "ಮೇಡಂ, ಕನ್ನಡ, ಇಂಗ್ಲಿಷ್ ಎರಡೂ ಬಿಡೋ ಹಾಗಿರಲಿಲ್ಲ, ಅದಕ್ಕೇ ಸೇರಿದೆ" ಅಂದಿದ್ದಳು. ನನಗೆ ಅದು ಸಾಕಷ್ಟು ಒಳ್ಳೆಯ ಕಾರಣ ಅನ್ನಿಸಿತ್ತು. ಅವಳ ಅಪ್ಪನಿಗೆ ಅನ್ನಿಸಿರಲಿಲ್ಲ.

ಕೊನೆಯ ವರ್ಷ ಒಂದು ದೊಡ್ಡ ಪ್ರಬಂಧ ಬರೆಯಬೇಕು. ಎರಡು ಭಾಷೆಗಳ ಕೃತಿಗಳು ಇರಲೇಬೇಕು, ಅದರಲ್ಲಿ ಒಂದನ್ನಾದರೂ ಮೂಲದಲ್ಲೇ ಓದಿರಬೇಕು. ಅವಳು ಆರಿಸಿಕೊಂಡದ್ದು ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ 'ಏಜಾಕ್ಸ್' ಮತ್ತು ಬಿ.ಎಂ.ಶ್ರೀಯವರ 'ಅಶ್ವತ್ಥಾಮನ್'. ಆಯ್ಕೆ ಸಲೀಸು. ಶ್ರೀಯವರು ಆ ಗ್ರೀಕ್ ನಾಟಕವನ್ನೇ ಎದುರಿಗಿಟ್ಟುಕೊಂಡು 1929ರಲ್ಲಿ ಇದನ್ನು ಬರೆದವರು. ಗ್ರೀಕ್ ಬರದಿದ್ದರೂ ಇಂಗ್ಲಿಷ್ ಅನುವಾದ ಸಿಗುತ್ತದೆ, ಕನ್ನಡವಂತೂ ನಮ್ಮದೇ. ಮುಗಿಯಿತಲ್ಲ ಅಂದುಕೊಂಡಳು.

ಮೊದಲ ಕರಡು

ಮೊದಲ ಕರಡು ನನ್ನ ಬಳಿ ಇದೆ. ಅದರ ನಡುವೆ ಎರಡು ಕಾಲಮ್ಮಿನ ಒಂದು ಪಟ್ಟಿ. ಎಡಕ್ಕೆ ಏಜಾಕ್ಸ್, ಬಲಕ್ಕೆ ಅಶ್ವತ್ಥಾಮ. ಇಬ್ಬರೂ ಮಹಾವೀರರು. ಇಬ್ಬರಿಗೂ ಅವಮಾನವಾಗಿದೆ. ಇಬ್ಬರೂ ರಾತ್ರಿ ಕೊಲೆಗಿಳಿಯುತ್ತಾರೆ. ಇಬ್ಬರ ಮೇಲೂ ದೇವರ ಕಣ್ಣಿದೆ. ಹೀಗೇ ಪುಟ ತುಂಬ. ಕೆಳಗೆ 'ವ್ಯತ್ಯಾಸಗಳು' ಅಂತ ಇನ್ನೊಂದು ಪಟ್ಟಿ: ಅದು ಗ್ರೀಸ್, ಇದು ಭಾರತ. ಅದು ಟ್ರಾಯ್, ಇದು ಕುರುಕ್ಷೇತ್ರ.

ಗೈಡ್ ಅಂಚಿನಲ್ಲಿ ಬರೆದದ್ದು ಒಂದೇ ಸಾಲು. ಒಬ್ಬರು ಇನ್ನೊಬ್ಬರನ್ನು ನೋಡಿಯೇ ಬರೆದಿದ್ದಾರೆ ಅಂದಮೇಲೆ ಹೋಲಿಕೆ ಇರುವುದರಲ್ಲಿ ಆಶ್ಚರ್ಯ ಏನು?

ಈ ಒಂದು ಪ್ರಶ್ನೆಗೆ ಅವಳ ಕರಡು ಪೂರ್ತಿ ಕುಸಿಯಿತು. ನನಗೆ ಫೋನ್ ಮಾಡಿದ್ದು ಆಗಲೇ. ಅಳು ಬರುವ ದನಿಯಲ್ಲಿದ್ದಳು. ವಿಷಯ ಬದಲಾಯಿಸಿಬಿಡಲಾ ಎಂದು ಕೇಳಿದಳು. "ಮೊದಲು ಎರಡನ್ನೂ ಇನ್ನೊಂದು ಸಲ ಓದಮ್ಮ, ಪಟ್ಟಿ ಮಾಡಬೇಡ" ಎಂದೆ. ನಾನು ತೌಲನಿಕ ಸಾಹಿತ್ಯ ಓದಿದವಳಲ್ಲ. ಆದರೆ ಆ ಗೈಡ್ ಕೇಳಿದ್ದು ಸರಿಯಾಗಿತ್ತು.

ಈ ವಿಷಯದಲ್ಲಿ ಎರಡು ಹಳೆಯ ದಾರಿಗಳಿವೆ. ಒಂದು ಕೃತಿಯಿಂದ ಇನ್ನೊಂದಕ್ಕೆ ಏನು ಹೋಯಿತು, ಯಾರ ಮೂಲಕ ಹೋಯಿತು, ಯಾವಾಗ ಹೋಯಿತು ಎಂದು ದಾಖಲೆ ಹಿಡಿದು ಹುಡುಕುವುದು ಒಂದು ದಾರಿ. ಫ್ರಾನ್ಸಿನ ಹಳೆಯ ತೌಲನಿಕರು ಹೆಚ್ಚಾಗಿ ಮಾಡಿದ್ದು ಅದು. ಸಂಬಂಧವೇ ಇಲ್ಲದ ಎರಡು ಕೃತಿಗಳನ್ನು ಅಕ್ಕಪಕ್ಕ ಇಟ್ಟು, ಸಾಹಿತ್ಯ ಅನ್ನುವುದು ಹೇಗೆ ಕೆಲಸ ಮಾಡುತ್ತದೆ ಎಂದು ನೋಡುವುದು ಇನ್ನೊಂದು. ಅಮೆರಿಕದಲ್ಲಿ ರೆನೆ ವೆಲೆಕ್ 1958ರಲ್ಲಿ ಈ ಜಗಳವನ್ನು ಬಹಿರಂಗವಾಗಿಯೇ ಎತ್ತಿದರು. ಬರೀ ಪ್ರಭಾವ ಹುಡುಕುತ್ತಾ ಕೂತರೆ ಸಾಹಿತ್ಯವೇ ಕೈತಪ್ಪುತ್ತದೆ ಅನ್ನುವುದು ಅವರ ತಕರಾರು. ಬಿಎ ಎರಡನೇ ವರ್ಷದಲ್ಲೇ ಇದನ್ನು ಪಾಠ ಮಾಡುತ್ತಾರೆ. ಹುಡುಗಿ ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದಳು. ತನ್ನ ಪಟ್ಟಿಯಲ್ಲಿ ಎರಡೂ ದಾರಿ ಕಲಸಿಹೋಗಿವೆ ಅನ್ನುವುದು ಮಾತ್ರ ಹೊಳೆದಿರಲಿಲ್ಲ. 'ಇಬ್ಬರಿಗೂ ಅವಮಾನ' ಎನ್ನುವಾಗ ಅವಳು ಯಾವ ಅಶ್ವತ್ಥಾಮನ ಮಾತಾಡುತ್ತಿದ್ದಳು? ಶ್ರೀಯವರವನೋ, ವ್ಯಾಸರವನೋ, ಅಜ್ಜಿ ಹೇಳಿದ ಕಥೆಯವನೋ? ಮೂವರೂ ಒಂದೇ ಕಾಲಮ್ಮಿನಲ್ಲಿ ಕೂತಿದ್ದರು.

ಗ್ರೀಕ್ ನಾಟಕದಲ್ಲಿ ಏನಿದೆ

ಕಥೆ ಚಿಕ್ಕದು. ಟ್ರಾಯ್ ಯುದ್ಧದಲ್ಲಿ ಗ್ರೀಕರ ಮಹಾವೀರ ಅಕಿಲೀಸ್ ಸತ್ತ ಮೇಲೆ ಅವನ ಆಯುಧಗಳು ತನಗೆ ಸಿಗಬೇಕಿತ್ತು ಎಂದು ಏಜಾಕ್ಸ್ ನಂಬಿದ್ದಾನೆ. ಅವು ಒಡಿಸ್ಯೂಸ್‌ಗೆ ಹೋಗುತ್ತವೆ. ಸಿಟ್ಟಿನಿಂದ ರಾತ್ರಿಯೇ ತನ್ನವರ ಮುಖಂಡರನ್ನು ಕೊಲ್ಲಲು ಹೊರಡುತ್ತಾನೆ. ಅಥೀನಾ ದೇವಿ ಅವನಿಗೆ ಭ್ರಮೆ ಹಿಡಿಸುತ್ತಾಳೆ. ಮನುಷ್ಯರು ಅಂದುಕೊಂಡು ದನ, ಕುರಿಗಳನ್ನು ಕಡಿದುಹಾಕುತ್ತಾನೆ. ಬೆಳಗಾಗಿ ಭ್ರಮೆ ಇಳಿದಾಗ ಸುತ್ತ ನೋಡುತ್ತಾನೆ. ರಕ್ತದ ನಡುವೆ, ಸತ್ತ ದನಗಳ ಮಧ್ಯೆ ಕೂತಿದ್ದಾನೆ. ನಾಚಿಕೆ ತಾಳಲಾಗುವುದಿಲ್ಲ.

ಮೊದಲ ಓದಿನಲ್ಲಿ ಹುಡುಗಿ ಹಾರಿಸಿಬಿಟ್ಟಿದ್ದ ಎರಡು ಸಂಗತಿ ಎರಡನೇ ಓದಿನಲ್ಲಿ ಸಿಕ್ಕವು. ಒಂದು, ಕತ್ತಿ. ಏಜಾಕ್ಸ್ ಯಾವ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೋ ಅದು ಶತ್ರುವಿನದು. ಹೋಮರನ ಮಹಾಕಾವ್ಯ 'ಇಲಿಯಡ್'ನ ಏಳನೇ ಭಾಗದಲ್ಲಿ ಟ್ರಾಯ್ ಕಡೆಯ ಹೆಕ್ಟರ್ ಮತ್ತು ಏಜಾಕ್ಸ್ ದ್ವಂದ್ವಯುದ್ಧ ಮಾಡುತ್ತಾರೆ. ಕತ್ತಲಾದಾಗ ನಿಲ್ಲಿಸಿ ಒಬ್ಬರಿಗೊಬ್ಬರು ಉಡುಗೊರೆ ಕೊಡುತ್ತಾರೆ. ಹೆಕ್ಟರ್ ಕೊಟ್ಟದ್ದು ಕತ್ತಿ, ಏಜಾಕ್ಸ್ ಕೊಟ್ಟದ್ದು ಸೊಂಟಪಟ್ಟಿ. ಆ ಕತ್ತಿಯೇ ಈಗ ಟ್ರಾಯ್ ಮಣ್ಣಿನಲ್ಲಿ ನೆಟ್ಟು ನಿಂತಿದೆ.

ಇನ್ನೊಂದು, ದಿನದ ಲೆಕ್ಕ. ನಾಟಕದ ಮಧ್ಯದಲ್ಲಿ ಒಬ್ಬ ದೂತ ಓಡಿ ಬರುತ್ತಾನೆ. ಅಥೀನಾಳ ಕೋಪ ಈ ಒಂದು ದಿನ ಮಾತ್ರ, ಇವತ್ತು ಅವನನ್ನು ಡೇರೆಯಿಂದ ಹೊರಗೆ ಬಿಡಬೇಡಿ, ನಾಳೆಗೆ ಬದುಕಿಕೊಳ್ಳುತ್ತಾನೆ ಎಂದು ಕಣಿ ಹೇಳುವ ಕಾಲ್ಕಸ್ ಎಚ್ಚರಿಸಿದ್ದಾನೆ. ಅಷ್ಟರಲ್ಲಿ ಏಜಾಕ್ಸ್ ಹೊರಟಾಗಿದೆ. ಅವನ ಕಡೆಯ ನಾವಿಕರ ಮೇಳವೂ (ಕೋರಸ್) ಹುಡುಕಲು ರಂಗ ಬಿಟ್ಟು ಓಡುತ್ತದೆ. ಗ್ರೀಕ್ ದುರಂತ ನಾಟಕಗಳಲ್ಲಿ ಮೇಳ ಹೀಗೆ ನಡುವೆ ಹೊರಗೆ ಹೋಗುವುದು ಅಪರೂಪ. ಏಜಾಕ್ಸ್ ಒಬ್ಬನೇ ಉಳಿಯುತ್ತಾನೆ, ಕತ್ತಿಯ ಜೊತೆ.

ಅವನು ಸತ್ತ ಮೇಲೂ ನಾಟಕ ಮುಗಿಯುವುದಿಲ್ಲ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಾಕಿ ಇದೆ. ಹೆಣ ಹೂಳಬೇಕೋ ಬೇಡವೋ ಎಂದು ಜಗಳ. ಗ್ರೀಕ್ ಮುಖಂಡರಲ್ಲಿ ಮೆನೆಲಾಸ್ ಬೇಡ ಅನ್ನುತ್ತಾನೆ, ಅಗಮೆಮ್ನನ್ ಬೇಡ ಅನ್ನುತ್ತಾನೆ, ತಮ್ಮ ಟ್ಯೂಸರ್ ಹೆಣದ ಪಕ್ಕ ನಿಂತು ವಾದ ಮಾಡುತ್ತಾನೆ. ಕೊನೆಗೆ ಏಜಾಕ್ಸ್‌ನ ಪರವಾಗಿ ಮಾತಾಡಿ ಸಂಸ್ಕಾರ ಮಾಡಿಸುವವನು ಯಾರು ಅಂದರೆ ಅವನ ಕಡುವೈರಿ ಒಡಿಸ್ಯೂಸ್. ನಾಟಕ ಎರಡು ತುಂಡಾಗಿದೆ ಎಂದು ವಿಮರ್ಶಕರು ಬಹಳ ಕಾಲದಿಂದ ದೂರುತ್ತಾ ಬಂದಿದ್ದಾರೆ. ನನಗೆ ಆ ದೂರು ಒಪ್ಪಿಗೆಯಾಗುವುದಿಲ್ಲ. ಹೆಣ ಎದುರಿಗೇ ಬಿದ್ದಿರುವಾಗ ಕಥೆ ಮುಗಿಯುತ್ತದೆಯೇ? ಸಾವಿನ ಮನೆಯಲ್ಲಿ ಜಗಳ ನೋಡಿದವರಿಗೆ ಇದು ಗೊತ್ತು.

ಸೌಪ್ತಿಕದ ರಾತ್ರಿ

ಇನ್ನು ನಮ್ಮ ಕಡೆ. ಇಲ್ಲಿ ಅವಳು ಮಾಡಿದ ಕೆಲಸ ನನಗೆ ತುಂಬ ಹಿಡಿಸಿತು. ಶ್ರೀಯವರನ್ನು ಪಕ್ಕಕ್ಕಿಟ್ಟು ಮೊದಲು ಮಹಾಭಾರತದ ಸೌಪ್ತಿಕ ಪರ್ವವನ್ನು ಓದಿದಳು. ಅನುವಾದದಲ್ಲೇ, ಆದರೆ ನಿಧಾನವಾಗಿ.

ಮನೆಯಲ್ಲಿ ಕೇಳಿದ ಕಥೆ ಹೀಗಿತ್ತು: ಅಶ್ವತ್ಥಾಮ ಪಾಂಡವರು ಅಂದುಕೊಂಡು ಕತ್ತಲಲ್ಲಿ ಅವರ ಮಕ್ಕಳನ್ನು ಕೊಂದ. ಅಂದರೆ ಅದೊಂದು ತಪ್ಪು ಗುರುತು. ಏಜಾಕ್ಸ್‌ನದೂ ತಪ್ಪು ಗುರುತೇ. ಪಟ್ಟಿಯಲ್ಲಿ ಇದು ಅವಳ ಹೆಮ್ಮೆಯ ಸಾಲಾಗಿತ್ತು. ವ್ಯಾಸರಲ್ಲಿ ನೋಡಿದರೆ ಅಂಥ ಭ್ರಮೆಯೇ ಇಲ್ಲ. ಗದ್ದಲಕ್ಕೆ ದ್ರೌಪದಿಯ ಮಕ್ಕಳು ಎದ್ದು ಅವನ ಮೇಲೆ ಬಾಣ ಬಿಡುತ್ತಾರೆ. ಅವನು ಒಬ್ಬೊಬ್ಬರನ್ನೇ ಎದುರಿಸಿ ಕೊಲ್ಲುತ್ತಾನೆ. ಧೃಷ್ಟದ್ಯುಮ್ನ, ಆಯುಧದಿಂದಲಾದರೂ ಕೊಲ್ಲು ಎಂದು ಬೇಡಿಕೊಂಡರೂ ಅಶ್ವತ್ಥಾಮ ಅವನನ್ನು ಒದ್ದೇ ಕೊಲ್ಲುತ್ತಾನೆ. ಎಲ್ಲ ಗೊತ್ತಿದ್ದೇ ಮಾಡಿದ್ದು.

ದೇವರ ಪಾತ್ರವೂ ತಿರುಗುಮುರುಗು. ಪಾಳೆಯದ ಬಾಗಿಲಲ್ಲಿ ಒಂದು ಭಯಂಕರ ಆಕೃತಿ ಅವನನ್ನು ತಡೆಯುತ್ತದೆ. ಯಾವ ಅಸ್ತ್ರವೂ ನಾಟುವುದಿಲ್ಲ. ಆಗ ಶಿವನನ್ನು ಪ್ರಾರ್ಥಿಸಿ, ತನ್ನನ್ನೇ ಬೆಂಕಿಗೆ ಒಪ್ಪಿಸಿಕೊಳ್ಳಲು ಮುಂದಾಗುತ್ತಾನೆ. ಶಿವ ಮೆಚ್ಚಿ ಒಂದು ಕತ್ತಿ ಕೊಟ್ಟು, ಅವನ ಮೈಯೊಳಗೇ ಹೊಕ್ಕುತ್ತಾನೆ. ಅಥೀನಾ ಭ್ರಮೆ ಹಿಡಿಸಿದ್ದು ಕೊಲೆ ತಪ್ಪಿಸಲು. ಶಿವ ಮೈಗೆ ಬಂದದ್ದು ಕೊಲೆ ನಡೆಯಲಿ ಎಂದು. ಒಬ್ಬನ ಕತ್ತಿ ಶತ್ರು ಕೊಟ್ಟದ್ದು, ಇನ್ನೊಬ್ಬನದು ದೇವರು ಕೊಟ್ಟದ್ದು. ಸೊಫೊಕ್ಲಿಸ್ ಮತ್ತು ವ್ಯಾಸರ ಈ ಎರಡು ಕೃತಿಗಳ ನಡುವೆ ಯಾವ ಕೊಡುಕೊಳ್ಳುವಿಕೆಯ ದಾಖಲೆಯೂ ಇಲ್ಲ. ಅದಕ್ಕೇ ಈ ಹೋಲಿಕೆಗೆ ಬೆಲೆ ಬಂತು.

ಶಿಕ್ಷೆಗೆ ಬಂದಾಗಲಂತೂ ಅವಳಿಗೆ ಪ್ರಬಂಧದ ನಡುಗಂಬವೇ ಸಿಕ್ಕಿತು. ಉತ್ತರೆಯ ಹೊಟ್ಟೆಯ ಕೂಸಿನ ಮೇಲೂ ಅಸ್ತ್ರ ಬಿಟ್ಟದ್ದಕ್ಕೆ ಕೃಷ್ಣ ಅವನಿಗೆ ಶಾಪ ಕೊಡುತ್ತಾನೆ: ಮೂರು ಸಾವಿರ ವರ್ಷ, ಮಾತಿಗೊಬ್ಬರಿಲ್ಲದೆ, ರಕ್ತ ಕೀವಿನ ವಾಸನೆ ಹೊತ್ತು ಅಲೆ. ಮುಂದೆ ಬಂದ ಶ್ಲೋಕದಲ್ಲಿ ಅವನು ಏಳು ಚಿರಂಜೀವಿಗಳಲ್ಲಿ ಮೊದಲಿಗನಾದ. ಬಲಿ, ಹನುಮಂತ, ವಿಭೀಷಣರ ಸಾಲಿನಲ್ಲಿ! ಉಳಿದವರಿಗೆ ವರವಾಗಿದ್ದು ಇವನಿಗೆ ಶಾಪ. ಒಂದು ಕಡೆ ಒಂದೇ ದಿನದ ಕೋಪ, ಆ ದಿನ ದಾಟಿದ್ದರೆ ಏಜಾಕ್ಸ್ ಉಳಿಯುತ್ತಿದ್ದ. ಇನ್ನೊಂದು ಕಡೆ ಮೂರು ಸಾವಿರ ವರ್ಷ. ಸಾಯಲು ಅಪ್ಪಣೆಯೇ ಇಲ್ಲ.

ಹೀಗಿರುವಾಗ ಶ್ರೀಯವರು ಮಾಡಿದ್ದೇನು? ಅಶ್ವತ್ಥಾಮನನ್ನು ಏಜಾಕ್ಸ್‌ನ ಜಾಗದಲ್ಲಿ ನಿಲ್ಲಿಸಿದರು. ಏಜಾಕ್ಸ್ ಸಾಯಲೇಬೇಕು. ಹಾಗಾಗಿ ಚಿರಂಜೀವಿಯೂ ಸತ್ತ, ತನ್ನ ಕೈಯಾರೆ ಸತ್ತ.

ಕನ್ನಡ ಓದುಗರಿಗೆ ಇದು ಸಣ್ಣ ವಿಷಯ ಅಲ್ಲ. ಚಿರಂಜೀವಿಯನ್ನು ಸಾಯಿಸಬಹುದೇ ಅನ್ನುವ ತಕರಾರು ಆ ನಾಟಕದ ಬೆನ್ನಿಗೇ ಅಂಟಿಕೊಂಡಿದೆ. ಏಕಲವ್ಯನನ್ನೂ ಶ್ರೀಯವರು ಈ ಕಥೆಗೆ ತಂದಿದ್ದಾರೆ. ಮಹಾಭಾರತದ ಲೆಕ್ಕದಲ್ಲಿ ಅವನು ಯುದ್ಧಕ್ಕೆ ಮೊದಲೇ ಕೃಷ್ಣನ ಕೈಯಲ್ಲಿ ಸತ್ತವನು. ಸತ್ತವನು ಬದುಕಿದ, ಸಾಯದವನು ಸತ್ತ. ಹುಡುಗಿ ಎರಡನೇ ಕರಡಿನಲ್ಲಿ ಹಿಡಿದದ್ದು ಇದನ್ನೇ. ಎಲ್ಲಿ ಎರಡು ಕಥೆ ಒಂದಕ್ಕೊಂದು ಕೂರುವುದಿಲ್ಲವೋ, ಎಲ್ಲಿ ಶ್ರೀಯವರು ಜಬರದಸ್ತಿ ಮಾಡಬೇಕಾಯಿತೋ, ಅಲ್ಲಿಗೆ ಹೋಗಿ ಕೂತಳು. ಹೋಲುವ ಜಾಗಗಳನ್ನು ಒಂದೂವರೆ ಪುಟದಲ್ಲಿ ಮುಗಿಸಿದಳು.

ಶ್ರೀಯವರು ಹೀಗೇಕೆ ಮಾಡಿರಬಹುದು ಅನ್ನುವುದಕ್ಕೆ ಅವಳು ಕೊಟ್ಟ ಉತ್ತರ ಸುಮಾರಾಗಿ ಹೀಗಿದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು ಅವರು. 1911ರಲ್ಲಿ ಧಾರವಾಡದಲ್ಲಿ ಕನ್ನಡ ತಲೆ ಎತ್ತುವ ಬಗೆ ಹೇಗೆ ಎಂದು ಉಪನ್ಯಾಸ ಕೊಟ್ಟವರು. ಹೊರಗಿನಿಂದ ತರಬೇಕು, ಆದರೆ ತಂದದ್ದು ಇಲ್ಲಿನದಾಗಬೇಕು ಅನ್ನುವ ಹಟ ಅವರಿಗಿತ್ತು. ಮೊದಲು, 1926ರಲ್ಲಿ, ರನ್ನನ ಕಾವ್ಯವನ್ನೇ 'ಗದಾಯುದ್ಧ ನಾಟಕಂ' ಮಾಡಿದರು. ಅಲ್ಲಿ ಸಾಯುವ ದುರ್ಯೋಧನ ನಮ್ಮವನೇ, ಕಾವ್ಯವೂ ನಮ್ಮದೇ. ಆಮೇಲೆ ಗ್ರೀಕ್ ಅಚ್ಚಿನಲ್ಲಿ ಅಶ್ವತ್ಥಾಮ ಬಂದ. ಆಮೇಲೆ, 1935ರಲ್ಲಿ, ಇನ್ನೊಬ್ಬ ಗ್ರೀಕ್ ನಾಟಕಕಾರ ಈಸ್ಕಿಲಸ್‌ನ ನಾಟಕ ನೇರವಾಗಿ 'ಪಾರಸಿಕರು' ಆಗಿ ಬಂತು. ಅಲ್ಲಿ ಹೆಸರೂ ಬದಲಾಗಲಿಲ್ಲ, ದೇಶವೂ ಬದಲಾಗಲಿಲ್ಲ. ಈ ಮೂರರಲ್ಲಿ ನಡುವಿನದೇ ಜಾಸ್ತಿ ಅಪಾಯದ್ದು ಅನ್ನುವುದು ಅವಳ ವಾದ. ಯಾಕೆಂದರೆ ಇಲ್ಲಿ ಮಾತ್ರ ಎರಡು ಪುರಾಣ ಒಂದೇ ಮೈಯೊಳಗೆ ಇರಬೇಕಾಗಿದೆ. ಬಿಎ ವಿದ್ಯಾರ್ಥಿನಿಯಿಂದ ಇಂಥ ವಾಕ್ಯ ಬಂದಾಗ ಮೇಷ್ಟ್ರಾದವರಿಗೆ ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಭಾಷೆಯ ತೊಡಕು

ಕನ್ನಡ ನಮ್ಮದೇ ಅಂದುಕೊಂಡಿದ್ದಳಲ್ಲ, ಅಲ್ಲಿ ಪೆಟ್ಟು ಬಿತ್ತು. 'ಅಶ್ವತ್ಥಾಮನ್' ಇರುವುದು ಹಳಗನ್ನಡದಲ್ಲಿ. ಇಂಗ್ಲಿಷ್‌ನಲ್ಲಿ ಸೊಫೊಕ್ಲಿಸ್ ಸರಾಗವಾಗಿ ಓದಿಸಿಕೊಂಡ, ಸ್ವಂತ ಭಾಷೆಯ ನಾಟಕದಲ್ಲಿ ಪುಟಕ್ಕೊಂದು ಗಂಟೆ. ಭಾನುವಾರಗಳಂದು ಫೋನಿನಲ್ಲಿ ಕೂತು ಓದಿದೆವು. ಅವಳು ಓದುವುದು, ಅನ್ವಯ ಮಾಡುವುದು, ನಾನು ತಿದ್ದುವುದು. ಮೊದಮೊದಲು ಅವಳು ಕ್ರಿಯಾಪದ ಹುಡುಕುವುದರಲ್ಲೇ ಸುಸ್ತಾಗುತ್ತಿದ್ದಳು. ಆಮೇಲಾಮೇಲೆ ಲಯ ಹಿಡಿಯಿತು. ಜೋರಾಗಿ ಓದು ಎಂದು ಹಾಸ್ಟೆಲಿನಲ್ಲಿ ಓದಿಸುತ್ತಿದ್ದೆ. ರೂಮ್‌ಮೇಟ್ ಇದು ಮಂತ್ರವಾ ಎಂದು ಕೇಳಿದಳಂತೆ.

ಗೈಡ್‌ಗೆ ಕನ್ನಡ ಬರುವುದಿಲ್ಲ. ಇದು ನಮ್ಮ ದೇಶದಲ್ಲಿ ತೌಲನಿಕ ಸಾಹಿತ್ಯ ಓದುವ ಎಲ್ಲರ ಪಾಡು. ಒಂದು ವಿಭಾಗದಲ್ಲಿ ನಾಲ್ಕೈದು ಭಾಷೆ ಬಲ್ಲ ಮೇಷ್ಟ್ರುಗಳಿರಬಹುದು, ವಿದ್ಯಾರ್ಥಿ ತರುವ ಭಾಷೆ ಆರನೆಯದಾಗಿರುತ್ತದೆ. ಆಗ ಎಲ್ಲರೂ ಇಂಗ್ಲಿಷಿಗೆ ಇಳಿಯುತ್ತಾರೆ, ಮೂಲ ಹಿಂದೆ ಸರಿಯುತ್ತದೆ. ಈ ಗೈಡ್ ಒಂದು ಷರತ್ತು ಹಾಕಿದರು. ವಾದಕ್ಕೆ ಬಳಸಿದ ಪ್ರತಿ ಭಾಗವನ್ನೂ ಕನ್ನಡ ಲಿಪಿಯಲ್ಲಿ ಕೊಡಬೇಕು, ಕೆಳಗೆ ಅವಳದೇ ಅನುವಾದ ಇರಬೇಕು, ಅದನ್ನು ಕನ್ನಡ ಬಲ್ಲ ಹೊರಗಿನವರೊಬ್ಬರು ನೋಡಿ ಸಹಿ ಹಾಕಬೇಕು. ಆ ಸಹಿ ನನ್ನದು. ಇದರಿಂದ ಕೆಲಸ ದುಪ್ಪಟ್ಟಾಯಿತು. ಆದರೆ ತನಗೆ ಅರ್ಥವಾಗದ ಸಾಲನ್ನು ಉದ್ಧರಿಸಿ ಜಾರಿಕೊಳ್ಳುವ ದಾರಿ ಮುಚ್ಚಿತು. ಬೇರೆ ವಿಭಾಗಗಳೂ ಇದನ್ನು ಕಡ್ಡಾಯ ಮಾಡಿದರೆ ಒಳ್ಳೆಯದು ಎಂದು ನನ್ನ ಅನಿಸಿಕೆ.

ಗ್ರೀಕ್ ಕಡೆಗೆ ಇಂಥ ಕಾವಲು ಇರಲಿಲ್ಲ. ಎರಡು ಇಂಗ್ಲಿಷ್ ಅನುವಾದಗಳನ್ನು ಅಕ್ಕಪಕ್ಕ ಇಟ್ಟುಕೊಂಡಳು. ಎರಡೂ ಬೇರೆ ದಾರಿ ಹಿಡಿದ ಕಡೆ ವಾದ ಕಟ್ಟಲಿಲ್ಲ. ಗ್ರೀಕ್ ಬಾರದವರಿಗೆ ಇದಕ್ಕಿಂತ ಪ್ರಾಮಾಣಿಕ ಉಪಾಯ ನನಗೆ ಕಾಣುವುದಿಲ್ಲ.

ವೈವಾ

ಹೊರಗಿನಿಂದ ಬಂದ ಪರೀಕ್ಷಕರು ಸಂಸ್ಕೃತ ಬಲ್ಲವರು. ಪ್ರಬಂಧದ ಒಂದು ವಾಕ್ಯಕ್ಕೆ ಬೆರಳಿಟ್ಟರು. ರಂಗದ ಮೇಲೆ ಸಾವು ತೋರಿಸಬಾರದು ಅನ್ನುವುದು ಭಾರತೀಯ ನಾಟ್ಯಸಂಪ್ರದಾಯ, ಶ್ರೀಯವರು ಅದನ್ನು ಗ್ರೀಕರ ಬಲದಿಂದ ಮುರಿದರು ಎಂದು ಅವಳು ಬರೆದಿದ್ದಳು. ಹಾಗಾದರೆ ಸಂಸ್ಕೃತ ನಾಟಕಕಾರ ಭಾಸನ 'ಊರುಭಂಗ' ಏನು ಎಂದು ಕೇಳಿದರು. ಅಲ್ಲಿ ತೊಡೆ ಮುರಿದ ದುರ್ಯೋಧನ ಎಲ್ಲರೆದುರೇ ಪ್ರಾಣ ಬಿಡುತ್ತಾನೆ. ಪಕ್ಕದಲ್ಲೇ ನಿಂತು ರಾತ್ರಿಯ ದಾಳಿಗೆ ಶಪಥ ಮಾಡುವವನು ಅಶ್ವತ್ಥಾಮ. ತಿರುವನಂತಪುರದಲ್ಲಿ ಗಣಪತಿ ಶಾಸ್ತ್ರಿಗಳು ಆ ನಾಟಕಗಳನ್ನು 1912ರಲ್ಲೇ ಅಚ್ಚು ಹಾಕಿಸಿದ್ದರು. ಅಂದರೆ 1929ರ ಹೊತ್ತಿಗೆ ಓದಬೇಕೆನ್ನುವವರಿಗೆ ಸಿಗುತ್ತಿತ್ತು. ಗ್ರೀಕರ ಬಲವೇ ಬೇಕಾಗಿತ್ತೇ?

ಇನ್ನೊಂದು ಪ್ರಶ್ನೆಯೂ ಬಂತು. ಗ್ರೀಸಿನಲ್ಲಾದರೂ ಸಾವು ರಂಗದ ಮೇಲೆ ಎಲ್ಲರಿಗೂ ಕಾಣುವಂತೆ ನಡೆಯುತ್ತಿತ್ತೇ? ಅಲ್ಲೂ ಹೆಚ್ಚಾಗಿ ಸಾವು ಮರೆಯಲ್ಲಿ, ಸುದ್ದಿ ದೂತನ ಬಾಯಲ್ಲಿ. ಏಜಾಕ್ಸ್‌ನ ಸಾವು ನೋಡುವವರ ಕಣ್ಣೆದುರೇ ಆಗುತ್ತಿತ್ತೋ ಇಲ್ಲವೋ ಎಂದು ವಿದ್ವಾಂಸರು ಇನ್ನೂ ವಾದ ಮಾಡುತ್ತಿದ್ದಾರೆ.

ಎರಡನೆಯದಕ್ಕೆ ಅವಳ ಬಳಿ ಉತ್ತರ ಇತ್ತು, ಪ್ರಬಂಧದಲ್ಲೇ ಅಡಿಟಿಪ್ಪಣಿ ಹಾಕಿದ್ದಳು. ಮೊದಲನೆಯದಕ್ಕೆ ಇರಲಿಲ್ಲ. "'ಊರುಭಂಗ' ಓದಿಲ್ಲ ಸರ್" ಅಂದಳಂತೆ. ಶ್ರೀಯವರು ಅದನ್ನು ಓದಿದ್ದರೋ ಎಂದು ಹುಡುಕಬೇಕು, ಓದಿದ್ದರೆ ವಾದದ ಆ ಭಾಗ ನಿಲ್ಲುವುದಿಲ್ಲ, ಆದರೆ ಚಿರಂಜೀವಿಯ ಪ್ರಶ್ನೆ ಆಗಲೂ ಉಳಿಯುತ್ತದೆ, ಯಾಕೆಂದರೆ ದುರ್ಯೋಧನ ಸಾಯಬೇಕಾದವನೇ ಎಂದಳಂತೆ. ಪರೀಕ್ಷಕರು ತಲೆಯಾಡಿಸಿದರು, ಒಪ್ಪಿದರೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಅಂಕ ಚೆನ್ನಾಗಿಯೇ ಬಂತು, ತರಗತಿಗೇ ಮೊದಲು ಅನ್ನುವಷ್ಟಲ್ಲ. ಅಪ್ಪ ಬಿಎಡ್ ಮಾಡು ಅನ್ನುತ್ತಿದ್ದಾರೆ. ಅವಳು ಎಂಎಗೆ ಅರ್ಜಿ ಹಾಕಿದ್ದಾಳೆ, ಫಲಿತಾಂಶ ಬರಬೇಕು. ಈ ನಡುವೆ ಸಂಜೆ ಹೊತ್ತು ಸಂಸ್ಕೃತ ತರಗತಿಗೆ ಹೋಗುತ್ತಿದ್ದಾಳೆ. 'ಊರುಭಂಗ' ಒಂದೇ ಅಂಕದ ನಾಟಕ ಮೇಡಂ, ಅದನ್ನಾದರೂ ಮೂಲದಲ್ಲೇ ಓದಿಬಿಡುತ್ತೇನೆ, ಗ್ರೀಕ್ ಆಮೇಲೆ ನೋಡೋಣ ಅನ್ನುತ್ತಾಳೆ.